ಸಿಖ್ ಯುದ್ಧಗಳ ಮುದ್ರಿತ ಹಾಳೆಗಳು: ಹುಡುಕಿ, ಪರೀಕ್ಷಿಸಿ, ಕಾಪಿಡುವ ಸಮಗ್ರ ಮಾರ್ಗದರ್ಶಿ

ಮಾರಾಟಗಾರ ‘ಸೊಬ್ರಾಂವ್ ಕದನ, 1846, ಮೂಲ ಪ್ರತಿ’ ಎಂದು ಬರೆದಿದ್ದರೆ, ಆ 1846 ಕದನ ನಡೆದ ಇಸವಿ. ಹಾಳೆ ಅಚ್ಚಾದ ಇಸವಿ ಅದೇ ಆಗಿರಬೇಕೆಂದಿಲ್ಲ. ಆಂಗ್ಲೋ-ಸಿಖ್ ಯುದ್ಧಗಳ, ಅಂದರೆ ಈಸ್ಟ್ ಇಂಡಿಯಾ ಕಂಪನಿಗೂ ಪಂಜಾಬಿನ ಸಿಖ್ ರಾಜ್ಯಕ್ಕೂ ನಡೆದ ಎರಡು ಯುದ್ಧಗಳ, ಮುದ್ರಿತ ಸರಕನ್ನು ಕೂಡಿಡಲು ಹೊರಟವರು ಮೊದಲು ಕಲಿಯಬೇಕಾದದ್ದು ಈ ಎರಡು ಇಸವಿಗಳನ್ನು ಬಿಡಿಸಿ ನೋಡುವುದನ್ನು. ಅದೇ ಕದನದ ಚಿತ್ರ 1846ರ ಪತ್ರಿಕೆಯಲ್ಲಿ ಬಂತು, 1850ರ ದಶಕದ ಕೊನೆಯ ಇತಿಹಾಸದ ಪುಸ್ತಕದಲ್ಲಿ ಬಂತು, 1870ರ ದಶಕದ ಜನಪ್ರಿಯ ಯುದ್ಧಕಥನದಲ್ಲಿ ಬಂತು, ಹೋದ ವರ್ಷ ಇಂಕ್‌ಜೆಟ್ ಪ್ರಿಂಟರಿನಲ್ಲೂ ಬಂತು. ನಾಲ್ಕಕ್ಕೂ ಶೀರ್ಷಿಕೆ ಒಂದೇ. ಬೆಲೆ ಮಾತ್ರ ಒಂದೇ ಇರಬಾರದು.

ಕಾಲಪಟ್ಟಿ ಬಾಯಿಪಾಠವಿರಲಿ

ಮೊದಲ ಯುದ್ಧ: ಮುದ್ಕಿ (18 ಡಿಸೆಂಬರ್ 1845), ಫಿರೋಜ್‌ಶಾ (21-22 ಡಿಸೆಂಬರ್), ಅಲಿವಾಲ್ (28 ಜನವರಿ 1846), ಸೊಬ್ರಾಂವ್ (10 ಫೆಬ್ರವರಿ). ಲಾಹೋರ್ ಒಪ್ಪಂದ 9 ಮಾರ್ಚ್ 1846ರಂದು. ಅದಾದ ಒಂದು ವಾರಕ್ಕೆ ಅಮೃತಸರ ಒಪ್ಪಂದವಾಗಿ ಕಾಶ್ಮೀರ ಜಮ್ಮುವಿನ ರಾಜ ಗುಲಾಬ್ ಸಿಂಗನ ಪಾಲಾಯಿತು. ಎರಡನೆಯ ಯುದ್ಧ 1848ರ ಏಪ್ರಿಲ್‌ನಲ್ಲಿ ಮುಲ್ತಾನಿನ ಬಂಡಾಯದಿಂದ ಹೊತ್ತಿಕೊಂಡಿತು. ರಾಮ್‌ನಗರ್ (22 ನವೆಂಬರ್ 1848), ಚಿಲಿಯಾಂವಾಲಾ (13 ಜನವರಿ 1849), ಗುಜ್ರಾತ್ (21 ಫೆಬ್ರವರಿ 1849) ಅದರ ಮುಖ್ಯ ಕದನಗಳು. ಮಾರ್ಚ್ ಕೊನೆಗೆ ಪಂಜಾಬ್ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು.

ಈ ಗುಜ್ರಾತ್ ಚೆನಾಬ್ ನದಿಯ ಬಳಿಯ ಊರು, ಈಗ ಪಾಕಿಸ್ತಾನದಲ್ಲಿದೆ. ನಮ್ಮ ಗುಜರಾತ್ ರಾಜ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಮಾರಾಟದ ಪಟ್ಟಿಗಳಲ್ಲಿ ಈ ಗೊಂದಲ ಎಷ್ಟಿದೆಯೆಂದರೆ, ಒಳ್ಳೆಯ ಹಾಳೆಗಳು ತಪ್ಪು ವಿಭಾಗದಲ್ಲಿ ಕಡಿಮೆ ಬೆಲೆಗೆ ಕೂತಿರುವುದೂ ಉಂಟು.

ತಾರಿಖಿನಷ್ಟೇ ಉಪಯೋಗದ ಇನ್ನೊಂದು ಲೆಕ್ಕ ಟಪಾಲಿನದು. ಪಂಜಾಬಿನ ಸುದ್ದಿ ಸೂಯೆಜ್ ದಾರಿಯಾಗಿ ಲಂಡನ್ ಮುಟ್ಟಲು ಆರರಿಂದ ಒಂಬತ್ತು ವಾರ ಹಿಡಿಯುತ್ತಿತ್ತು. ಮುದ್ಕಿಯ ವರದಿ ಅಲ್ಲಿ ತಲುಪಿದ್ದು 1846ರ ಫೆಬ್ರವರಿಯ ಕೊನೆಯ ಭಾಗದಲ್ಲಿ. ಹಾಗಾಗಿ 1846ರ ಜನವರಿಯ ಲಂಡನ್ ಪತ್ರಿಕೆಯಲ್ಲಿ ಮುದ್ಕಿ ಕದನದ ಚಿತ್ರ ಇರಲು ಸಾಧ್ಯವೇ ಇಲ್ಲ. ಯಾರಾದರೂ ಇದೆ ಎಂದರೆ ತಾರಿಖು ತಪ್ಪು, ಇಲ್ಲವೇ ಚಿತ್ರ ಬೇರೆಯದು.

ಏನೇನು ಸಿಗುತ್ತದೆ

ಅಗ್ಗದಲ್ಲಿ ಶುರು ಮಾಡಲು ಪತ್ರಿಕೆಗಳೇ ಸರಿ. ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ 1842ರ ಮೇ ತಿಂಗಳಲ್ಲಿ ಶುರುವಾದ ವಾರಪತ್ರಿಕೆ. ಶನಿವಾರ ಬರುತ್ತಿತ್ತು, ಬೆಲೆ ಆರು ಪೆನ್ನಿ. 1846 ಮತ್ತು 1849ರ ಸಂಚಿಕೆಗಳಲ್ಲಿ ಕದನಗಳು, ಸಿಖ್ ಬಾಲರಾಜ ದುಲೀಪ್ ಸಿಂಗ್, ಮುಲ್ತಾನಿನ ಬಂಡಾಯದ ಮುಂದಾಳು ಮೂಲ್‌ರಾಜ್, ಬ್ರಿಟಿಷ್ ಸೇನಾಪತಿ ಲಾರ್ಡ್ ಗಫ್ ಇವರೆಲ್ಲರ ಮರದಚ್ಚಿನ ಚಿತ್ರಗಳಿವೆ. ಬಹುಪಾಲು ಕದನಚಿತ್ರಗಳನ್ನು ಲಂಡನ್ನಿನಲ್ಲಿ ಕೂತು ವರದಿ ಓದಿಕೊಂಡು ಬರೆದದ್ದು. ಇತಿಹಾಸದ ಸಾಕ್ಷಿಯಾಗಿ ಅವು ದುರ್ಬಲ, ಬ್ರಿಟಿಷ್ ಓದುಗನಿಗೆ ಏನು ತೋರಿಸಲಾಯಿತು ಎಂಬುದಕ್ಕೆ ಮಾತ್ರ ಗಟ್ಟಿ ಸಾಕ್ಷಿ. ಬಿಡಿ ಪುಟಕ್ಕಿಂತ ಇಡೀ ಸಂಚಿಕೆ ಕೊಳ್ಳಿ. ತಾರಿಖು, ವರದಿ, ಚಿತ್ರ ಮೂರೂ ಒಟ್ಟಿಗೆ ಸಿಗುತ್ತವೆ.

ಸಂಗ್ರಹದ ರಾಜಮುಕುಟ ಅಕ್ವಾಟಿಂಟ್‌ಗಳು, ಅಂದರೆ ತಗಡನ್ನು ಆಮ್ಲದಿಂದ ತಿನ್ನಿಸಿ ನೆರಳಿನ ಛಾಯೆ ಮೂಡಿಸಿದ ಅಚ್ಚುಗಳು. ಹೆನ್ರಿ ಮಾರ್ಟೆನ್ಸ್ ಬರೆದ ಚಿತ್ರಗಳನ್ನು ಜೆ. ಹ್ಯಾರಿಸ್ ತಗಡಿನಲ್ಲಿ ಕೊರೆದು, ಲಂಡನ್ನಿನ 191 ರೀಜೆಂಟ್ ಸ್ಟ್ರೀಟಿನ ಆರ್. ಆಕರ್‌ಮನ್ ಪ್ರಕಟಿಸಿದ ಮಾಲೆ ಇದು. ಮುದ್ಕಿಯಲ್ಲಿ 3ನೇ ಲೈಟ್ ಡ್ರಗೂನ್ಸ್ (ಕುದುರೆ ಪಡೆ), ಫಿರೋಜ್‌ಶಾದಲ್ಲಿ 62ನೇ ರೆಜಿಮೆಂಟ್, ಅಲಿವಾಲ್‌ನಲ್ಲಿ 16ನೇ ಲ್ಯಾನ್ಸರ್ಸ್ (ಭರ್ಜಿ ಹಿಡಿದ ಕುದುರೆ ಪಡೆ), ಹೀಗೆ ಒಂದೊಂದು ಪಡೆಗೆ ಒಂದೊಂದು ಹಾಳೆ. ಅಚ್ಚಾದ ಮೇಲೆ ಬಣ್ಣವನ್ನು ಕೈಯಿಂದಲೇ ತುಂಬುತ್ತಿದ್ದರು.

ಕಲ್ಲಚ್ಚಿನಲ್ಲಿ, ಅಂದರೆ ಲಿಥೋಗ್ರಾಫಿನಲ್ಲಿ, ಎರಡು ಪುಸ್ತಕಗಳ ಹೆಸರು ನೆನಪಿಡಿ. ಗವರ್ನರ್ ಜನರಲ್ ಹಾರ್ಡಿಂಜನ ಮಗ ಚಾರ್ಲ್ಸ್ ಸ್ಟುವರ್ಟ್ ಹಾರ್ಡಿಂಜ್ ಬರೆದ ಚಿತ್ರಗಳ ‘ರೆಕಲೆಕ್ಷನ್ಸ್ ಆಫ್ ಇಂಡಿಯಾ’ (1847). 32ನೇ ರೆಜಿಮೆಂಟಿನ ಸಹಾಯಕ ಸರ್ಜನ್ ಜಾನ್ ಡನ್‌ಲಪ್ ಮುಲ್ತಾನ್ ಮುತ್ತಿಗೆಯನ್ನು ಸ್ಥಳದಲ್ಲೇ ಬರೆದ 21 ಚಿತ್ರಗಳ ಪುಸ್ತಕ (1849). ಎರಡನ್ನೂ ಬಿಡಿಸಿ ಹಾಳೆಹಾಳೆಯಾಗಿ ಮಾರುವವರಿದ್ದಾರೆ. ಇಡೀ ಪುಸ್ತಕವೆಂದು ಕೊಳ್ಳುವಾಗ ಒಂದೊಂದೇ ಚಿತ್ರ ಎಣಿಸಿ. ಡನ್‌ಲಪ್‌ನದು 20 ಬಂದರೆ ಅದು ಅಪೂರ್ಣ ಪ್ರತಿ, ಬೆಲೆಯೂ ಇಳಿಯಬೇಕು.

ಓದುವ ಪುಸ್ತಕಗಳ ಸಾಲಿನಲ್ಲಿ ಹರ್ಬರ್ಟ್ ಎಡ್ವರ್ಡ್ಸ್‌ನ ‘ಎ ಇಯರ್ ಆನ್ ದ ಪಂಜಾಬ್ ಫ್ರಾಂಟಿಯರ್’ನ ಎರಡು ಸಂಪುಟಗಳು (1851) ಸುಲಭವಾಗಿ ಸಿಗುತ್ತವೆ. ಜೆ. ಡಿ. ಕನ್ನಿಂಗ್‌ಹ್ಯಾಮ್‌ನ ಸಿಖ್ಖರ ಇತಿಹಾಸದ ಮೊದಲ ಆವೃತ್ತಿ 1849ರದು. ಸರ್ಕಾರದ ನಡೆಯನ್ನು ಟೀಕಿಸಿದ್ದಕ್ಕೆ ಆತ ರಾಜಕೀಯ ಇಲಾಖೆಯ ಹುದ್ದೆಯನ್ನೇ ಕಳೆದುಕೊಂಡ. ಎರಡನೆಯ ಆವೃತ್ತಿ 1853ರಲ್ಲಿ ಬಂತು. ಎರಡನ್ನೂ ಇಟ್ಟುಕೊಂಡು ಹೋಲಿಸುವುದು ಈ ಹವ್ಯಾಸದ ನಿಜವಾದ ಸುಖಗಳಲ್ಲಿ ಒಂದು. ಬ್ರಿಟಿಷ್ ಪಾರ್ಲಿಮೆಂಟಿಗೆ ಒಪ್ಪಿಸಿದ ಸರ್ಕಾರಿ ಕಾಗದಪತ್ರಗಳ ‘ನೀಲಿ ಪುಸ್ತಕ’ಗಳಲ್ಲಿ, ಅದರಲ್ಲೂ 1847-49ರ ಪಂಜಾಬ್ ಕಾಗದಪತ್ರಗಳ ಸಂಪುಟದಲ್ಲಿ, ಟಪಾಲುಗಳೂ ಆಜ್ಞೆಗಳೂ ಇವೆ. ನೋಡಲು ಒಣಒಣ, ಹಾಗಾಗಿ ಗಿರಾಕಿ ಕಡಿಮೆ. ಹೊಸಬರು ಬಿಟ್ಟುಹೋಗುವುದನ್ನು ನೀವು ಎತ್ತಿಕೊಳ್ಳಿ.

ಚಿಲ್ಲರೆ ಕಾಗದಗಳ ಲೋಕ ಬೇರೆಯೇ. ಬರ್‌ಫರ್ಡ್ ಲಂಡನ್ನಿನ ಲೆಸ್ಟರ್ ಸ್ಕ್ವೇರಿನಲ್ಲಿ 1846ರಲ್ಲಿ ತೋರಿಸಿದ ಸೊಬ್ರಾಂವ್ ಪನೋರಮಾದ (ನೋಡುಗರ ಸುತ್ತ ಹಬ್ಬಿಸಿದ ಭಾರಿ ವರ್ಣಚಿತ್ರದ) ವಿವರಣಾ ಪುಸ್ತಿಕೆ, ಮೊದಲ ಯುದ್ಧದ ಸಟ್ಲೆಜ್ ನದಿತೀರದ ವಿಜಯಕ್ಕಾಗಿ ಚರ್ಚುಗಳಲ್ಲಿ ಓದಲು ಅಚ್ಚು ಹಾಕಿಸಿದ ಕೃತಜ್ಞತಾ ಪ್ರಾರ್ಥನೆ, ಪಿಯಾನೋ ಸಂಗೀತದ ಹಾಳೆಗಳ ಕಲ್ಲಚ್ಚಿನ ಮುಖಪುಟ, ‘ಲಂಡನ್ ಗೆಜೆಟ್’ನ ವಿಶೇಷ ಸಂಚಿಕೆ. ಓದಿ ಬಿಸಾಡಲೆಂದೇ ಅಚ್ಚಾದವು ಇವು, ಆದ್ದರಿಂದ ಉಳಿದಿರುವುದು ಕಡಿಮೆ. ಪುಸ್ತಿಕೆ ಕೊಳ್ಳುವಾಗ ಮಡಚುವ ಚಿತ್ರ ಹರಿಯದೆ ಒಳಗಿದೆಯೇ ಎಂದು ಕೇಳುವುದನ್ನು ಮರೆಯಬೇಡಿ. ಮೊದಲು ಕಳೆದುಹೋಗುವುದೇ ಅದು.

ಇಷ್ಟೂ ಗೆದ್ದವರ ಕಡೆಯ ಕಾಗದ. ಸಿಖ್ಖರ ಕಡೆಯದು ಎಲ್ಲಿ ಎಂದು ಕೇಳಬೇಕು. ಲಾಹೋರ್‌ನಲ್ಲಿ ಮುದ್ರಣದ ಕಸುಬು ಬೆಳೆದದ್ದು 1849ರ ನಂತರ. ಉರ್ದು ಪತ್ರಿಕೆ ‘ಕೋಹ್-ಎ-ನೂರ್’ ಅಲ್ಲಿ ಶುರುವಾದದ್ದು 1850ರಲ್ಲಿ. ಮೊದಲ ಯುದ್ಧವನ್ನು ಪಂಜಾಬಿಯಲ್ಲಿ ಹಾಡಿದ ಶಾ ಮೊಹಮ್ಮದನ ‘ಜಂಗ್‌ನಾಮಾ’ ಅಚ್ಚಿಗೆ ಬಂದದ್ದೂ ತಡವಾಗಿ. ಆದ್ದರಿಂದ ಈ ಭಾಗಕ್ಕೆ 19ನೇ ಶತಮಾನದ ಕೊನೆಯ ಲಾಹೋರ್-ಅಮೃತಸರದ ಬಜಾರು ಮರದಚ್ಚುಗಳು ಮತ್ತು ಕಲ್ಲಚ್ಚಿನ ಪಂಜಾಬಿ, ಉರ್ದು ಪುಸ್ತಿಕೆಗಳೇ ಗತಿ. ತೆಳು ಕಾಗದ, ಒರಟು ಅಚ್ಚು, ಕಿತ್ತುಹೋದ ಅಂಚು. ಆದರೂ ಸಂಗ್ರಹದಲ್ಲಿ ಇವಿಲ್ಲದಿದ್ದರೆ ಉಳಿಯುವುದು ಒಂದೇ ಕಡೆಯ ವಾದ. ಗಫ್ ಎದುರಿಗೆ, ಸೊಬ್ರಾಂವ್‌ನಲ್ಲಿ ಮಡಿದ ಸಿಖ್ ಸರದಾರ ಶಾಮ್ ಸಿಂಗ್ ಅಟಾರಿವಾಲಾನ ಒಂದು ಬಜಾರು ಚಿತ್ರವಾದರೂ ಇರಲಿ.

ಕರ್ನಾಟಕದ ಕೊಂಡಿಯೂ ಇದೆ. ಎರಡೂ ಯುದ್ಧಗಳ ಸೇನಾಪತಿ ಹ್ಯೂ ಗಫ್ ಚೀನಾಕ್ಕೆ ಹೋಗುವ ಮೊದಲು, 1837ರಿಂದ, ಮದ್ರಾಸ್ ಸೇನೆಯ ಮೈಸೂರು ವಿಭಾಗದ ಮುಖ್ಯಸ್ಥನಾಗಿದ್ದ. ಬೆಂಗಳೂರಿನ ಆಸ್ಪತ್ರೆಗೆ ಹೆಸರು ಕೊಟ್ಟ ಲೆವಿನ್ ಬೌರಿಂಗ್ ಮೈಸೂರಿನ ಕಮಿಷನರ್ ಆಗುವ ಮುಂಚೆ ಲಾಹೋರ್ ರೆಸಿಡೆಂಟನ ಸಹಾಯಕನಾಗಿದ್ದವನು. 1871ರಲ್ಲಿ ಬಂದ ಅವನ ‘ಈಸ್ಟರ್ನ್ ಎಕ್ಸ್‌ಪೀರಿಯನ್ಸಸ್’ನಲ್ಲಿ ಮೈಸೂರು, ಕೊಡಗು, ಪಂಜಾಬ್ ಮೂರೂ ಒಂದೇ ರಟ್ಟಿನೊಳಗಿವೆ.

ಹುಡುಕುವಾಗ ಕಾಗುಣಿತ

ಆಗಿನವರು ಊರಿನ ಹೆಸರನ್ನು ಕಿವಿಗೆ ಬಿದ್ದಂತೆ ಬರೆದರು. ಈಗಿನ ಕಾಗುಣಿತದಲ್ಲಷ್ಟೇ ಹುಡುಕಿದರೆ ಅರ್ಧ ಸರಕು ಕಣ್ಣಿಗೇ ಬೀಳುವುದಿಲ್ಲ. ಮುದ್ಕಿಯನ್ನು ಇಂಗ್ಲಿಷಿನಲ್ಲಿ ‘ಮೂಡ್ಕೀ’ ಎಂದು ಎರಡು ಓ, ಎರಡು ಇ ಹಾಕಿ ಹುಡುಕಿ. ಗುಜ್ರಾತ್‌ಗೆ ‘ಗೂಜೆರಾಟ್’, ಮುಲ್ತಾನ್‌ಗೆ ‘ಮೂಲ್ತಾನ್’, ಫಿರೋಜ್‌ಶಾಗೆ ‘ಫಿರೋಜ್‌ಶುಹುರ್’. ಪಂಜಾಬಿನ ಕೊನೆಯ ಬಿ ಅಕ್ಷರಕ್ಕೆ ಮೊದಲು ಒಂದು ಯು ಸೇರಿಸಿ. ಸಿಖ್ ಪದದಲ್ಲಿ ಮೊದಲು ಇ, ಆಮೇಲೆ ಐ ಇಟ್ಟು ನೋಡಿ. ಸಿಂಗ್ ಎಂಬುದರ ಕೊನೆಯ ಹೆಚ್ ಬಿಟ್ಟು ನೋಡಿ. ಈ ರೂಪಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಹರಾಜು ತಾಣಗಳಲ್ಲಿ ಒಂದೊಂದಕ್ಕೂ ಅಲರ್ಟ್ ಹಾಕಿಡಿ.

ಸಲಕರಣೆ

10 ಪಟ್ಟು ದೊಡ್ಡದು ಮಾಡುವ ಲೂಪ್ (ಒಡವೆ ಅಂಗಡಿಯವರು ಬಳಸುವುದೇ), 30 ಪಟ್ಟಿನದು ಇನ್ನೊಂದಿದ್ದರೆ ಒಳ್ಳೆಯದು. ಚಿಕ್ಕ ಎಲ್‌ಇಡಿ ಟಾರ್ಚು. 365 ನ್ಯಾನೋಮೀಟರಿನ ಅಲ್ಟ್ರಾವಯಲೆಟ್ ಟಾರ್ಚು. ಮಿಲಿಮೀಟರ್ ಗುರುತಿನ ಉಕ್ಕಿನ ಸ್ಕೇಲು. 2ಬಿ ಪೆನ್ಸಿಲ್. ಮೃದು ಕುಂಚ. ಕೈಗವಸು ಬೇಡ. ಬಟ್ಟೆಯ ಗವಸಿನಲ್ಲಿ ಬೆರಳಿಗೆ ಅಂದಾಜು ಸಿಗದೆ ಹಾಳೆಯ ಅಂಚು ಹರಿಯುತ್ತದೆ. ಕೈ ತೊಳೆದು ಒಣಗಿಸಿಕೊಂಡರೆ ಸಾಕು. ಹಾಳೆ ಮೇಜಿನ ಮೇಲಿರುವಾಗ ಪೆನ್ನು, ಕಾಫಿ ಲೋಟ ಎರಡೂ ಇನ್ನೊಂದು ಕೋಣೆಯಲ್ಲಿರಲಿ.

ಹಾಳೆಯನ್ನು ಪರೀಕ್ಷಿಸುವ ಕ್ರಮ

ಈ ಕ್ರಮ ಬದಲಿಸಬೇಡಿ. ಶೀರ್ಷಿಕೆ ಓದುವುದು ಕೊನೆಗೆ. ಮೊದಲೇ ಓದಿದರೆ ಕಣ್ಣು ಅದು ಹೇಳಿದ್ದನ್ನೇ ನೋಡತೊಡಗುತ್ತದೆ.

1. ಲೂಪ್ ಇಟ್ಟು ಆಕಾಶ ಅಥವಾ ಹೊಗೆಯ ಭಾಗ ನೋಡಿ. ರಂಗೋಲಿಯ ಚುಕ್ಕಿ ಸಾಲಿನಂತೆ ಒಂದೇ ಅಂತರದ ಚುಕ್ಕಿಗಳು ಕಂಡರೆ ಅದು ಹಾಫ್‌ಟೋನ್, ಅಂದರೆ ಚಿತ್ರವನ್ನು ಚುಕ್ಕಿಗಳಾಗಿ ಒಡೆದು ತೆಗೆದ ಅಚ್ಚು. ಆ ವಿಧಾನ ವ್ಯಾಪಾರದ ಮಟ್ಟಕ್ಕೆ ಬಂದದ್ದೇ 1880ರ ದಶಕದಲ್ಲಿ, ಆದ್ದರಿಂದ 1846ರ ಮಾತು ಅಲ್ಲಿಗೆ ಮುಗಿಯಿತು. ನೀಲಿ, ಕೆಂಪು, ಹಳದಿ ಚುಕ್ಕಿಗಳು ಪುಟ್ಟ ಹೂವಿನಂತೆ ಕೂಡಿದ್ದರೆ ಆಫ್‌ಸೆಟ್, ಅಂದರೆ ಈಗಿನ ಯಂತ್ರದ ಬಣ್ಣದಚ್ಚು. ಕ್ರಮವಿಲ್ಲದೆ ತುಂತುರು ಚೆಲ್ಲಿದಂತಿದ್ದರೆ ಇಂಕ್‌ಜೆಟ್. ಬೇಸಿಗೆಯ ಕೆರೆಯಂಗಳದಲ್ಲಿ ಮಣ್ಣು ಬಿರುಕು ಬಿಟ್ಟಂತೆ ಸಣ್ಣ ಸಣ್ಣ ಬಳೆಗಳ ಬಲೆ ಕಂಡರೆ ಅಕ್ವಾಟಿಂಟ್. ಸ್ಲೇಟಿನ ಮೇಲೆ ಬಳಪ ಎಳೆದಂಥ ಒಡಕು ಗೆರೆಗಳಿದ್ದರೆ ಕಲ್ಲಚ್ಚು.

2. ಚಿತ್ರದ ಸುತ್ತ ಬೆರಳಾಡಿಸಿ, ಟಾರ್ಚನ್ನು ಪಕ್ಕದಿಂದ ಅಡ್ಡಲಾಗಿ ಬಿಡಿ. ತಗಡಿನಿಂದ ತೆಗೆದ ಅಚ್ಚಾದರೆ ತಗಡಿನ ಅಂಚು ಕಾಗದವನ್ನು ಒತ್ತಿ ಒಂದು ತಗ್ಗು ಚೌಕಟ್ಟು ಮೂಡಿಸಿರುತ್ತದೆ. ಕಲ್ಲಚ್ಚಿನಲ್ಲಿ, ಮರದಚ್ಚಿನಲ್ಲಿ ಅದು ಇರುವುದಿಲ್ಲ. ಅಕ್ವಾಟಿಂಟ್ ಎನ್ನುತ್ತಾರೆ, ತಗ್ಗಿನ ಗುರುತಿಲ್ಲ ಎಂದಾದರೆ ಯಾರೋ ಅಂಚು ಕತ್ತರಿಸಿದ್ದಾರೆ, ಇಲ್ಲವೇ ಅದು ಅಕ್ವಾಟಿಂಟೇ ಅಲ್ಲ. ಅಂಚು ಕತ್ತರಿಸುವಾಗ ಕೆಳಗಿನ ಪ್ರಕಾಶಕರ ಸಾಲೂ ಹೋಗಿರುತ್ತದೆ. ಅಂಥ ಹಾಳೆಯ ತಾರಿಖನ್ನು ಮತ್ತೆ ಸ್ಥಾಪಿಸುವುದು ಕಷ್ಟ.

3. ಹಿಂಬದಿಯಿಂದ ಬೆಳಕು ಬಿಟ್ಟು ನೀರುಗುರುತು ಹುಡುಕಿ. ವಾಟ್‌ಮನ್ ಕಾಗದದಲ್ಲಿ ಕಾರ್ಖಾನೆಯ ಹೆಸರಿನ ಜೊತೆ ಇಸವಿಯೂ ಇರುವುದುಂಟು. ಪ್ರಕಾಶಕರ ಸಾಲು 1847 ಎನ್ನುತ್ತಿದ್ದು, ನೀರುಗುರುತು 1860ರ ದಶಕದ್ದಾದರೆ, ಹಳೆಯ ತಗಡಿನಿಂದ ಮುಂದೊಂದು ದಿನ ತೆಗೆದ ಪ್ರತಿ ಅದು. ನಕಲಿಯಲ್ಲ, ಆದರೆ ಮೊದಲ ಪ್ರತಿಯ ಬೆಲೆಯೂ ಅದಕ್ಕಿಲ್ಲ. ಸವೆದ ತಗಡಿನ ಅಕ್ವಾಟಿಂಟಿನಲ್ಲಿ ಹೊಗೆ, ನೆರಳುಗಳ ಬಲೆ ಮಾಸಿ ಬೋಳುಬೋಳಾಗಿ ಕಾಣುತ್ತದೆ. ಅದನ್ನು ಮುಚ್ಚಲು ಬಣ್ಣ ದಪ್ಪವಾಗಿ ಬಳಿದಿರುತ್ತಾರೆ.

4. ಕತ್ತಲೆ ಕೋಣೆಯಲ್ಲಿ ಅಲ್ಟ್ರಾವಯಲೆಟ್ ಟಾರ್ಚು ಬಿಡಿ. ಚಿಂದಿಬಟ್ಟೆಯ ಹಳೆಯ ಕಾಗದ ಮಂಕಾಗಿ ಉಳಿಯುತ್ತದೆ. 1950ರ ಈಚಿನ ಬಿಳುಪುಕಾರಕ ಬೆರೆಸಿದ ಕಾಗದ, ಹೊಸದಾಗಿ ಒಗೆದ ಬಿಳಿ ಅಂಗಿಯಂತೆ ನೀಲಿಯಾಗಿ ಹೊಳೆಯುತ್ತದೆ. ಮಂಕಾಗಿದ್ದ ಮಾತ್ರಕ್ಕೆ ಹಳೆಯದೆಂದಲ್ಲ. ಬಿಳುಪುಕಾರಕವಿಲ್ಲದ ಹೊಸ ಕಾಗದವೂ ಇದೆ. ಈ ಪರೀಕ್ಷೆಗೆ ತಳ್ಳಿಹಾಕುವ ಶಕ್ತಿಯಿದೆ, ಒಪ್ಪಿಕೊಳ್ಳುವ ಶಕ್ತಿಯಿಲ್ಲ.

5. ಹಿಂಬದಿ ಓದಿ. ಪತ್ರಿಕೆಯ ಪುಟವಾದರೆ ಹಿಂದೆ ಸಾಮಾನ್ಯವಾಗಿ ಅಚ್ಚಾದ ಸುದ್ದಿ ಇರುತ್ತದೆ. ಆ ಸುದ್ದಿಯೇ ತಾರಿಖು ಹೇಳುತ್ತದೆ. 1836ರಿಂದ 1855ರವರೆಗೆ ಇಂಗ್ಲೆಂಡಿನ ಸುದ್ದಿಪತ್ರಿಕೆಗಳಿಗೆ ಒಂದು ಪೆನ್ನಿ ತೆರಿಗೆಯಿತ್ತು, ಅದರ ಕೆಂಪು ಮುದ್ರೆ ಹಾಳೆಯ ಮೇಲೇ ಬೀಳುತ್ತಿತ್ತು. ಇಡೀ ಸಂಚಿಕೆಯಲ್ಲಿ ಅದನ್ನು ಹುಡುಕಿ. ಬಿಡಿ ಪುಟದಲ್ಲಿ ಇಲ್ಲವೆಂದು ಗಾಬರಿ ಬೇಡ, ಮುದ್ರೆ ಬೀಳುತ್ತಿದ್ದದ್ದು ಸಂಚಿಕೆಗೆ ಒಂದು ಕಡೆ ಮಾತ್ರ.

6. ಈಗ ಶೀರ್ಷಿಕೆ, ಕೆಳಗಿನ ಸಣ್ಣಕ್ಷರ ಓದಿ. ಎಡಗಡೆ ಚಿತ್ರಕಾರ (‘ಪಿಂಕ್ಸಿಟ್’ ಅಂದರೆ ವರ್ಣಚಿತ್ರ ಬರೆದವ, ‘ಡೆಲ್’ ಅಂದರೆ ರೇಖಿಸಿದವ), ಬಲಗಡೆ ಕೊರೆದವ (‘ಸ್ಕಲ್ಪ್ಸಿಟ್’), ನಡುವೆ ಪ್ರಕಾಶಕನ ವಿಳಾಸ, ತಾರಿಖು. ವಿಳಾಸಕ್ಕೆ ಗಮನ ಕೊಡಿ. 191 ರೀಜೆಂಟ್ ಸ್ಟ್ರೀಟಿನ ಆರ್. ಆಕರ್‌ಮನ್ ಬೇರೆ, 96 ಸ್ಟ್ರಾಂಡಿನ ಆಕರ್‌ಮನ್ ಅಂಡ್ ಕಂಪನಿ ಬೇರೆ.

ಹೆಚ್ಚು ಜನ ಮೋಸಹೋಗುವುದು ನಕಲಿಯಿಂದಲ್ಲ, ಪುಸ್ತಕದಿಂದ ಕಿತ್ತ ಹಾಳೆಯಿಂದ. ಇ. ಹೆಚ್. ನೋಲನ್ 1850ರ ದಶಕದ ಕೊನೆಯಲ್ಲಿ ಹೊರತಂದ ಬ್ರಿಟಿಷ್ ಇಂಡಿಯಾದ ಸಚಿತ್ರ ಇತಿಹಾಸದಲ್ಲಿ ಉಕ್ಕಿನ ತಗಡಿನ ನುಣುಪಾದ ಚಿತ್ರಗಳಿವೆ. ಜೇಮ್ಸ್ ಗ್ರ್ಯಾಂಟ್‌ನ ‘ಬ್ರಿಟಿಷ್ ಬ್ಯಾಟಲ್ಸ್ ಆನ್ ಲ್ಯಾಂಡ್ ಅಂಡ್ ಸೀ’ 1870ರ ದಶಕದ್ದು, ಮರದಚ್ಚು. ಎರಡೂ ರಾಶಿರಾಶಿಯಾಗಿ ಅಚ್ಚಾದ ಪುಸ್ತಕಗಳು, ಹಾಳೆಗಳು ‘1846’ ಎಂಬ ಚೀಟಿ ಹಚ್ಚಿಕೊಂಡು ಬರುತ್ತವೆ. ಎಡ ಅಂಚಿನಲ್ಲಿ ಹೊಲಿಗೆಯ ತೂತು, ಮೇಲೆ ಪುಟಸಂಖ್ಯೆ ಅಥವಾ ಅದನ್ನು ಕೆರೆದ ಕಲೆ ಇದೆಯೇ ನೋಡಿ. ಇನ್ನು ಫಿರೋಜ್‌ಪುರ ಕಡೆಯ ಯುದ್ಧಸ್ಮಾರಕಕ್ಕೆ 20ನೇ ಶತಮಾನದಲ್ಲಿ ಕಿರ್ಪಾಲ್ ಸಿಂಗ್ ಬರೆದ ವರ್ಣಚಿತ್ರಗಳ ಆಫ್‌ಸೆಟ್ ಪ್ರತಿಗಳಿವೆ. ಚಿತ್ರ ಚೆಂದ, ಸಂಗ್ರಹಕ್ಕೂ ಯೋಗ್ಯ, ಆದರೆ ಅದರದೇ ಇಸವಿ ಬರೆದು.

ನಕಾಶೆಗಳಿಗೆ ಬಣ್ಣವೇ ಗಡಿಯಾರ. ಕಾಶ್ಮೀರವೂ ಲಾಹೋರ್ ದರ್ಬಾರಿನೊಳಗೇ (ಸಿಖ್ ರಾಜ್ಯದೊಳಗೇ) ಇದ್ದರೆ ಮಾರ್ಚ್ 1846ರ ಹಿಂದಿನ ಸ್ಥಿತಿ. ಸಟ್ಲೆಜ್, ಬಿಯಾಸ್ ನದಿಗಳ ನಡುವಿನ ಜಲಂಧರ್ ದೋಆಬ್‌ಗೆ ಬ್ರಿಟಿಷ್ ಬಣ್ಣ ಬಂದು ಕಾಶ್ಮೀರ ಬೇರೆಯಾಗಿದ್ದರೆ 1846-49. ಇಡೀ ಪಂಜಾಬ್ ಬ್ರಿಟಿಷ್ ಆದರೆ ಅದರ ನಂತರ. ಆದರೆ ಗೆರೆ ತಗಡಿನದು, ಬಣ್ಣ ಕೈಯದು. ಹಳೆಯ ದಾಸ್ತಾನಿಗೆ ಹೊಸ ಗಡಿ ಬಳಿದು ಮಾರಿದ್ದೂ ಇದೆ. ಗೆರೆ ಒಂದು ಕಡೆ, ಬಣ್ಣದ ಅಂಚು ಇನ್ನೊಂದು ಕಡೆ ಓಡುತ್ತಿದ್ದರೆ ಎಚ್ಚರ.

ಒಂದು ಹಾಳೆ, ಹತ್ತಿರದಿಂದ

ಅಲಿವಾಲ್‌ನಲ್ಲಿ 16ನೇ ಲ್ಯಾನ್ಸರ್ಸ್ ನುಗ್ಗುವ ಮಾರ್ಟೆನ್ಸ್-ಹ್ಯಾರಿಸ್ ಅಕ್ವಾಟಿಂಟ್ ಮುಂದಿದೆ ಎಂದುಕೊಳ್ಳಿ. ಮೊದಲು ಅಂಗಿಯ ಬಣ್ಣ ನೋಡಿ. 1840ರಲ್ಲಿ ಲ್ಯಾನ್ಸರ್ ಪಡೆಗಳೆಲ್ಲ ನೀಲಿಗೆ ಬದಲಾದಾಗ 16ನೆಯದೊಂದೇ ಕೆಂಪನ್ನು ಉಳಿಸಿಕೊಂಡಿತು. ಅವರಿಗೆ ನೀಲಿ ಅಂಗಿ ತೊಡಿಸಿದ್ದರೆ ಬಣ್ಣ ತುಂಬಿದವನಿಗೆ ಇದು ಗೊತ್ತಿಲ್ಲ. ಅಂದರೆ ಕಪ್ಪುಬಿಳುಪಿನ ಪ್ರತಿಗೆ ಬಹಳ ತಡವಾಗಿ ಯಾರೋ ಬಣ್ಣ ಹಾಕಿದ್ದಾರೆ.

ಈಗ ಲೂಪ್ ಅನ್ನು ಒಬ್ಬ ಸವಾರನ ತೋಳಿನ ಮೇಲಿಡಿ. ಕೆಂಪು ಬಣ್ಣ ಕೆಲವು ಕಡೆ ಕೊರೆದ ಗೆರೆಯನ್ನು ಕೂದಲೆಳೆಯಷ್ಟು ದಾಟಿರಬೇಕು, ಅಂಚಿನಲ್ಲಿ ಬಣ್ಣ ಮಡುಗಟ್ಟಿ ಗಾಢವಾಗಿರಬೇಕು. ಕುಂಚದ ನೀರು ಒಣಗುವ ರೀತಿಯೇ ಅದು. ಕೆಂಪಿನ ಕೆಳಗೆ ಬಿರುಕು ಮಣ್ಣಿನ ಬಲೆ ಕಪ್ಪಾಗಿ ಕಾಣುತ್ತಿರಬೇಕು. ಕೆಂಪೂ ಬಲೆಯೂ ಒಂದೇ ಚುಕ್ಕಿಗಳಿಂದಾಗಿದ್ದರೆ ಅದು ಫೋಟೋ ಪ್ರತಿ. ಭರ್ಜಿಯ ತುದಿಯ ಬಾವುಟ ಮೇಲೆ ಕೆಂಪು, ಕೆಳಗೆ ಬಿಳಿ. ಅಲಿವಾಲ್‌ನಲ್ಲಿ ರಕ್ತ ಹೆಪ್ಪುಗಟ್ಟಿ ಆ ಬಾವುಟಗಳು ಮಡಿಕೆ ಬಿದ್ದವೆಂದು ಹೇಳಿ, ಆ ಪಡೆಯವರು ಮುಂದೆಯೂ ಬಾವುಟಕ್ಕೆ ಮಡಿಕೆ ಹಾಕುವ ಪದ್ಧತಿ ಇಟ್ಟುಕೊಂಡರು. ಕೊನೆಗೆ ಸಿಖ್ ಪದಾತಿಗಳ ಮುಖಗಳತ್ತ ಬನ್ನಿ. ಸವಾರರ ಮೀಸೆ ಒಂದೊಂದನ್ನೂ ಬಿಡಿಸಿದ ಕೈ ಇಲ್ಲಿ ಅವಸರ ಮಾಡಿದೆಯೇ, ಒಂದೇ ಮುಖ ನಾಲ್ಕು ಸಲ ಬಂದಿದೆಯೇ ನೋಡಿ. ಇದು ಅಸಲಿ-ನಕಲಿಯ ಪರೀಕ್ಷೆಯಲ್ಲ. ಹಾಳೆಯನ್ನು ಯಾರಿಗಾಗಿ ಮಾಡಿದ್ದೆಂಬುದು ಅಲ್ಲಿ ಗೊತ್ತಾಗುತ್ತದೆ.

ಮರದಚ್ಚಿನ ದೊಡ್ಡ ಚಿತ್ರಕ್ಕೆ ಬೇರೆ ಗುಟ್ಟಿದೆ. ಬಾಕ್ಸ್‌ವುಡ್ ಮರ ಸಣ್ಣದು, ಆದ್ದರಿಂದ ಹಲವು ತುಂಡುಗಳನ್ನು ಜೋಡಿಸಿ ದೊಡ್ಡ ಅಚ್ಚು ಮಾಡುತ್ತಿದ್ದರು. ಆ ಸಂದುಗಳು ಚಿತ್ರದಲ್ಲಿ ಕೂದಲಿನಂಥ ಬಿಳಿ ಗೆರೆಯಾಗಿ, ನೇರವಾಗಿ, ಕುದುರೆ ಮನುಷ್ಯ ಎನ್ನದೆ ಅಡ್ಡ ಹಾಯ್ದಿರುತ್ತವೆ. ಹೊಸಬರು ಇದನ್ನು ದೋಷವೆಂದು ಹಿಂದಿರುಗಿಸುತ್ತಾರೆ. ಅದೇ ಅದರ ಜಾತಕ.

ಕೊಳ್ಳುವುದು, ತರಿಸುವುದು, ಕಾನೂನು

ಬ್ರಿಟಿಷ್ ಮ್ಯೂಸಿಯಂ, ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂ, ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಆನ್ ಎಸ್. ಕೆ. ಬ್ರೌನ್ ಸೇನಾ ಸಂಗ್ರಹ ಇವುಗಳ ಚಿತ್ರಗಳು ಆನ್‌ಲೈನಿನಲ್ಲಿವೆ. ಕೊಳ್ಳುವ ಮೊದಲು ಅಲ್ಲಿಯ ಪ್ರತಿಯ ಅಳತೆ, ಅಕ್ಷರ, ಪ್ರಕಾಶಕರ ಸಾಲು ನಿಮ್ಮದಕ್ಕೆ ಹೊಂದುತ್ತದೆಯೇ ನೋಡಿ. ಚಿತ್ರಭಾಗದ ಅಳತೆ ಕೆಲವು ಮಿಲಿಮೀಟರ್ ವ್ಯತ್ಯಾಸವಾದರೆ ಕಾಗದ ಕುಗ್ಗಿದ್ದು. ಒಂದೆರಡು ಸೆಂಟಿಮೀಟರ್ ಆದರೆ ಬೇರೆ ಅಚ್ಚು.

ಮಾರಾಟಗಾರನಿಂದ ಐದು ಫೋಟೋ ಕೇಳಿ: ಇಡೀ ಹಾಳೆ ಅಂಚುಗಳ ಸಮೇತ, ಇಡೀ ಹಿಂಬದಿ, ಪ್ರಕಾಶಕರ ಸಾಲು ಹತ್ತಿರದಿಂದ, ಆಕಾಶದ ಒಂದು ಚೂರು ಲೂಪಿನ ಮೂಲಕ, ಅಡ್ಡಬೆಳಕಿನಲ್ಲಿ ಒಂದು ಮೂಲೆ. ಹಿಂಬದಿ ತೋರಿಸಲೊಲ್ಲದವನಿಂದ ಕೊಳ್ಳಬೇಡಿ. ಕಟ್ಟು ಹಾಕಿದ ಚಿತ್ರವನ್ನು ಬಿಚ್ಚದೆ ಕೊಂಡರೆ, ಒಳಗೆ ರಟ್ಟಿಗೆ ಅಂಟಿಸಿಬಿಟ್ಟಿರುವುದು ಮನೆಗೆ ಬಂದ ಮೇಲೆ ತಿಳಿಯುತ್ತದೆ.

ಪ್ಯಾಕಿಂಗಿಗೆ ಸುರುಳಿ ಕೊಳವೆ ಬೇಡವೆಂದು ಮೊದಲೇ ಬರೆಯಿರಿ. ಸುತ್ತಿದಾಗ ಬಣ್ಣದ ಪದರ ಬಿರಿಯುತ್ತದೆ, ಒಣಗಿದ ಅಂಚು ಸೀಳುತ್ತದೆ. ಹಾಳೆಯನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹಾಕಿ, ಏಣು ಒಂದಕ್ಕೊಂದು ಅಡ್ಡ ಬರುವಂತೆ ಎರಡೆರಡು ಸುಕ್ಕುರಟ್ಟುಗಳ ನಡುವೆ ಮಲಗಿಸಬೇಕು. ರಟ್ಟು ಹಾಳೆಗಿಂತ ಸುತ್ತಲೂ 5 ಸೆಂ.ಮೀ. ದೊಡ್ಡದಿರಲಿ. ಪೆಟ್ಟು ಬೀಳುವುದು ಮೂಲೆಗೇ.

ಕೈಯಿಂದ ಮಾಡಿದ ಅಚ್ಚುಚಿತ್ರಗಳಿಗೆ ಕಸ್ಟಮ್ಸ್ ಶೀರ್ಷಿಕೆ 9702, ನೂರು ವರ್ಷ ದಾಟಿದ ಪುರಾವಸ್ತುಗಳಿಗೆ 9706, ಪುಸ್ತಕಗಳಿಗೆ 4901. ಬಿಲ್ಲಿನಲ್ಲಿ ಸಂಖ್ಯೆ, ಅಚ್ಚಾದ ಇಸವಿ, ವಿಧಾನ, ನಿಜವಾದ ಬೆಲೆ ಬರೆಸಿ. ‘ಪೋಸ್ಟರ್’ ಎಂದು ಬರೆದರೆ ಬೇರೆ ದರ ಬೀಳುತ್ತದೆ. ‘ಗಿಫ್ಟ್’ ಎಂದು ಬರೆಸಿ ತೆರಿಗೆ ಉಳಿಸಹೊರಟರೆ ದಾರಿಯಲ್ಲಿ ಕಳೆದಾಗ ವಿಮೆಯೂ ಇಲ್ಲ. ಕೊರಿಯರಿನವರು ಕೇಳುವ ಕೆವೈಸಿ ಕಾಗದ ಮೊದಲೇ ಸಿದ್ಧವಿಡಿ, ಇಲ್ಲದಿದ್ದರೆ ಪೊಟ್ಟಣ ಗೋದಾಮಿನಲ್ಲಿ ಕೂರುತ್ತದೆ.

ಒಳಗೆ ತರುವುದು ಸುಲಭ, ಹೊರಗೆ ಕಳಿಸುವುದು ಹಾಗಲ್ಲ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಪುರಾವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಐತಿಹಾಸಿಕ ಮೌಲ್ಯದ ಹಸ್ತಪ್ರತಿಗಳಿಗೆ ಆ ಮಿತಿ 75 ವರ್ಷ. ‘ಇಷ್ಟವಾಗದಿದ್ದರೆ ಮರಳಿ ಕಳಿಸಿ’ ಎಂಬ ವಿದೇಶಿ ಮಾರಾಟಗಾರನ ಭರವಸೆ ಇಲ್ಲಿ ಕೈಕೊಡಬಹುದು. ಪರೀಕ್ಷೆಯೆಲ್ಲ ಫೋಟೋದಲ್ಲೇ, ಹಣ ಕಟ್ಟುವ ಮೊದಲೇ ಮುಗಿಯಲಿ.

ಮನೆಗೆ ಬಂದ ಮೇಲೆ

ಪೊಟ್ಟಣವನ್ನು ಬಂದ ಕೂಡಲೇ ಬಿಚ್ಚಬೇಡಿ. ಒಂದು ದಿನ ಕೋಣೆಯಲ್ಲಿ ಇಟ್ಟು ಹವೆಗೆ ಹೊಂದಿಕೊಳ್ಳಲು ಬಿಡಿ. ಬಿಚ್ಚಿದ ಮೇಲೆ ಬೇರೆ ಹಾಳೆಗಳ ಜೊತೆ ಸೇರಿಸದೆ ಎರಡು ವಾರ ಪ್ರತ್ಯೇಕವಿರಲಿ. ಬೆಳ್ಳಿಮೀನು ಹುಳ, ಬೂಸ್ಟು ಇದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ.

ಶುಚಿ ಮಾಡುವುದೆಂದರೆ ಮೃದು ಕುಂಚದಿಂದ ನಡುವಿನಿಂದ ಅಂಚಿಗೆ ಧೂಳು ಸರಿಸುವುದು, ಅಷ್ಟೇ. ಕೈಬಣ್ಣದ ಅಂಟು ನೀರಿಗೆ ಕರಗುತ್ತದೆ. ಒದ್ದೆ ಹತ್ತಿ ತಗುಲಿದರೆ ಲ್ಯಾನ್ಸರನ ಕೆಂಪು ಆಕಾಶಕ್ಕೆ ಹರಿಯುತ್ತದೆ. ಕಂದು ಚುಕ್ಕಿಗಳನ್ನು ತೆಗೆಯಲು ಬ್ಲೀಚ್, ಹೈಡ್ರೋಜನ್ ಪೆರಾಕ್ಸೈಡ್ ಎಂದು ವಿಡಿಯೋಗಳಲ್ಲಿ ತೋರಿಸುತ್ತಾರೆ. ಕಾಗದ ಬೆಳ್ಳಗಾಗುತ್ತದೆ, ನಾರು ಸತ್ತುಹೋಗುತ್ತದೆ. ಚುಕ್ಕಿ ಇದ್ದರೆ ಇರಲಿ. ಹಳೆಯ ಸೆಲ್ಲೋಟೇಪನ್ನೂ ಎಳೆಯಬೇಡಿ, ಅದು ಸಂರಕ್ಷಕರ ಕೆಲಸ. ಲ್ಯಾಮಿನೇಷನ್ ಮಾಡಿಸಿದರೆ ಹಾಳೆ ಸತ್ತಂತೆಯೇ.

ರಟ್ಟಿಗೆ ಕೂರಿಸಲು ಗೋಧಿ ಪಿಷ್ಟದ ಅಂಟು ಮಾಡಿಕೊಳ್ಳಿ. ಮೈದಾ ಅಲ್ಲ, ಅದರಲ್ಲಿ ಹುಳಕ್ಕೆ ಇಷ್ಟವಾಗುವ ಅಂಶ ಹೆಚ್ಚು. ಒಂದು ಅಳತೆ ಗೋಧಿ ಪಿಷ್ಟಕ್ಕೆ ಐದು ಅಳತೆ ಶುದ್ಧೀಕರಿಸಿದ ನೀರು, ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ 20-30 ನಿಮಿಷ ಕೈಬಿಡದೆ ತಿರುವಿ. ಗಂಜಿಯ ಬಿಳುಪು ಹೋಗಿ ಪಾರಕವಾದಾಗ ಇಳಿಸಿ, ಆರಿಸಿ, ಸಣ್ಣ ಜರಡಿಯಲ್ಲಿ ಎರಡು ಸಲ ಸೋಸಿ. ಬಳಸುವಾಗ ಮೊಸರಿನ ಹದಕ್ಕೆ ತೆಳುವಾಗಿಸಿ. ಫ್ರಿಜ್ಜಿನಲ್ಲಿಟ್ಟರೆ ಕೆಲವು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ. ಜಪಾನಿ ಕಾಗದದ 2-3 ಸೆಂ.ಮೀ. ಪಟ್ಟಿ ಎರಡನ್ನು ಹಾಳೆಯ ಮೇಲಂಚಿನ ಹಿಂದೆ ಮಾತ್ರ ಅಂಟಿಸಿ, ಹಾಳೆ ಅವುಗಳಿಂದ ಇಳಿಬಿದ್ದಿರಲಿ. ನಾಲ್ಕೂ ಕಡೆ ಅಂಟಿಸಿದರೆ ಮಳೆಗಾಲದಲ್ಲಿ ಕಾಗದ ಹಿಗ್ಗಲು ಜಾಗವಿಲ್ಲದೆ ಅಲೆಯೇಳುತ್ತದೆ.

ಕಟ್ಟು ಹಾಕಿಸುವುದಾದರೆ ಗಾಜು ಕಾಗದಕ್ಕೆ ತಾಗದಂತೆ ನಡುವೆ ರಟ್ಟಿನ ಕಿಟಕಿ ಇರಲಿ. ಹಿಂದೆ ಪ್ಲೈವುಡ್, ಎಂಡಿಎಫ್ ಹಾಕಬೇಡಿ, ಅದರ ಆಮ್ಲ ನೇರ ಕಾಗದಕ್ಕೆ ಇಳಿಯುತ್ತದೆ. ಬೆಳಕು 50 ಲಕ್ಸ್ ಮೀರಬಾರದು. ಕಿಟಕಿಯ ಎದುರಿನ ಗೋಡೆ ಬೇಡ. ವರ್ಷದಲ್ಲಿ ಮೂರು-ನಾಲ್ಕು ತಿಂಗಳು ಗೋಡೆಗೆ, ಉಳಿದದ್ದು ಪೆಟ್ಟಿಗೆಗೆ. ಪೆಟ್ಟಿಗೆಯಲ್ಲಿ ಪಾಲಿಯೆಸ್ಟರ್ ಹಾಳೆ ಬಳಸಿ, ಅಗ್ಗದ ಪಿವಿಸಿ ಕವರ್ ಬೇಡ. ಅದು ಬೆವೆತು ಶಾಯಿಗೆ ಅಂಟಿಕೊಳ್ಳುತ್ತದೆ. ನುಸಿಗುಳಿಗೆಯೂ ಬೇಡ.

ಗುರಿ ಇಡಬೇಕಾದದ್ದು 45-55 ಶೇಕಡಾ ತೇವ. ಬೆಂಗಳೂರು, ಮೈಸೂರಿನಲ್ಲಿ ಇದು ಬಹುಕಾಲ ಸಾಧ್ಯ. ಮಂಗಳೂರು, ಉಡುಪಿ, ಮಡಿಕೇರಿಯ ಆಷಾಢದಲ್ಲಿ ಯಂತ್ರವಿಲ್ಲದೆ ಆಗದ ಮಾತು. ಅಲ್ಲಿ ಬಿಗಿ ಮುಚ್ಚಳದ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್, ಸಣ್ಣ ತೇವಮಾಪಕ. ಬಣ್ಣ ಬದಲಿಸುವ ಜೆಲ್ ತೆಗೆದುಕೊಳ್ಳಿ. ಕಿತ್ತಳೆ ಹಸಿರಾದಾಗ 120 ಡಿಗ್ರಿಯ ಒವನ್ನಿನಲ್ಲಿ ಎರಡು ಗಂಟೆ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಪೆಟ್ಟಿಗೆ ಹೊರಗೋಡೆಗೆ ತಾಗದಿರಲಿ, ನೆಲದಿಂದ ಒಂದಡಿ ಮೇಲಿರಲಿ. ಗೆದ್ದಲು ಬರುವುದು ಗೋಡೆ ಹಿಡಿದು.

ದಾಖಲೆ

ಪ್ರತಿ ಹಾಳೆಗೂ ಒಂದು ಸಂಖ್ಯೆ ಕೊಟ್ಟು, ಹಿಂಬದಿಯ ಕೆಳ ಬಲಮೂಲೆಯಲ್ಲಿ ಪೆನ್ಸಿಲಿನಿಂದ, ಗಟ್ಟಿ ಮೇಲ್ಮೈ ಮೇಲಿಟ್ಟು, ಒತ್ತದೆ ಬರೆಯಿರಿ. ಪುಸ್ತಕದಲ್ಲಿ ಎರಡು ಇಸವಿಗೂ ಬೇರೆ ಬೇರೆ ಮನೆ ಹಾಕಿ: ‘ಘಟನೆ’ ಮತ್ತು ‘ಅಚ್ಚು’. ಜೊತೆಗೆ ವಿಧಾನ, ಚಿತ್ರಕಾರ, ಕೊರೆದವ, ಪ್ರಕಾಶಕ, ಚಿತ್ರಭಾಗದ ಅಳತೆ, ಹಾಳೆಯ ಅಳತೆ, ನೀರುಗುರುತು, ದೋಷಗಳು, ಎಲ್ಲಿಂದ ಯಾವಾಗ ಎಷ್ಟಕ್ಕೆ ಕೊಂಡದ್ದು, ಬಿಲ್ಲಿನ ಪ್ರತಿ. ಶೀರ್ಷಿಕೆಯನ್ನು ಇದ್ದ ಕಾಗುಣಿತದಲ್ಲೇ ಇಳಿಸಿಕೊಳ್ಳಿ. ಮೂಲ್‌ರಾಜನನ್ನು ಅದು ದ್ರೋಹಿ ಎಂದು ಕರೆದಿದ್ದರೆ ಆ ಪದವನ್ನೂ ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಬರೆಯಿರಿ. ಕೆಳಗೆ ನಿಮ್ಮ ಮಾತಿನಲ್ಲಿ ಚಿತ್ರದಲ್ಲಿ ನಿಜಕ್ಕೂ ಕಾಣುವುದನ್ನು ಎರಡು ಸಾಲು ಬರೆಯಿರಿ: ಎಷ್ಟು ಜನ, ಯಾವ ದಿಕ್ಕಿಗೆ, ಯಾರ ಮುಖ ಕಾಣುತ್ತದೆ, ಯಾರ ಬೆನ್ನು.